ಬೆಂಚಪ್ಪನ ಬೀಗ

ಭಾವಮೈದನನ್ನು ಕೊಂದುಬಿಡಬೇಕೆಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನದ ಮಟ್ಟಿಗೆ ಒಳಗೆ ಹಾಕಿ ಬಾಗಿಲು ಮುಚ್ಚಿದರೆ ಸಾಕಿತ್ತು. ಹೆಂಡತಿಯ ತಮ್ಮನ ವಿಷಯದಲ್ಲಿ ಇಷ್ಟು ಸಣ್ಣ ಆಸೆ ಇಟ್ಟುಕೊಂಡ ಗಂಡಸರು ಎಷ್ಟು ಜನ ಸಿಗುತ್ತಾರೆ ಎಂದು ಅವನು ತನ್ನ ಒಳ್ಳೆಯತನಕ್ಕೆ ತಾನೇ ತಲೆದೂಗುತ್ತಿದ್ದ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನದೊಂದು ಬೀಗದಂಗಡಿ. ಅಂಗಡಿಯೆಂದರೆ ಕೀಲಿಕೈ ಕೊರೆಯುವ ಒಂದು ಯಂತ್ರ, ಗೋಡೆ ತುಂಬ ನೇತುಬಿದ್ದ ಕೀಲಿಕೈಗಳು, ಕೂರಲು ಒಂದು ಸ್ಟೂಲು. ಸ್ಟೂಲು ಅವನಿಗೇ ಬೇಕಾದ್ದರಿಂದ ಗಿರಾಕಿ ನಿಂತೇ ಮಾತಾಡಬೇಕು. ವಾರವಿಡೀ ಅವನು ಅಲ್ಲಿ ಬೀಗದವನು. ಭಾನುವಾರ ಬಂತೆಂದರೆ ಊರಿನ ಫುಟ್‌ಬಾಲ್ ಕ್ಲಬ್ಬಿನ ಎರಡನೇ ಗೋಲ್‌ಕೀಪರ್. ಮೊದಲನೇ ಗೋಲ್‌ಕೀಪರ್ ಆಡುವುದನ್ನು ಬೆಂಚಿನ ಮೇಲೆ ಕೂತು ನೋಡುವುದು, ಅವನು ಚೆಂಡು ಹಿಡಿದಾಗ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ಚಪ್ಪಾಳೆ ತಟ್ಟುವುದು, ಇಷ್ಟೇ ಆ ಹುದ್ದೆಯ ಕೆಲಸ. ವರ್ಷಗಟ್ಟಲೆ ಇದನ್ನೇ ಮಾಡಿ ಅವನಿಗೆ ಬೆಂಚಪ್ಪ ಎಂಬ ಹೆಸರು ಬಿದ್ದಿತ್ತು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಮುಖದ ಮುಂದೆಯೇ ಶುರುವಾಯಿತು. ಈಗ ಕೀಲಿಕೈ ಕಳೆದುಕೊಂಡು ಬರುವ ಅಪರಿಚಿತರೂ "ಬೆಂಚಪ್ಪನೋರ ಅಂಗಡಿ ಇದೇನಾ?" ಎಂದು ಮರ್ಯಾದೆಯಿಂದ ಕೇಳುತ್ತಿದ್ದರು. ಅವನು ಹೌದೆನ್ನುತ್ತಿದ್ದ. ವ್ಯಾಪಾರ ನೋಡಿ.

ಆ ಗೋಲು ಮೊದಲು ಅವನದೇ. ಹೆಂಡತಿಯ ಮಾತು ತೆಗೆದುಹಾಕಲಾರದೆ, "ಪಾಪ, ಹುಡುಗ ಮನೇಲಿ ಸುಮ್ನೆ ಕೂತಿರ್ತಾನೆ, ನಿಮ್ಮ ಜೊತೆ ಕರ್ಕೊಂಡು ಹೋಗ್ರೀ" ಎಂದದ್ದಕ್ಕೆ ಭಾವಮೈದನನ್ನು ಮೈದಾನಕ್ಕೆ ಕರೆದುಕೊಂಡು ಹೋದವನೂ ಅವನೇ. ಚೆಂಡಿನ ಚೀಲ ಹೊರಲು ಒಬ್ಬ ಆಗುತ್ತಾನೆ ಎಂದುಕೊಂಡಿದ್ದ. ಒಂದು ವಾರ ಶಟರಿಗೆ ಬೆರಳು ಸಿಕ್ಕಿಸಿಕೊಂಡು ಅವನು ಆಡದೆ ಉಳಿದ. ಆ ವಾರ ಚೀಲ ಹೊರುವವನು ಗೋಲಿನಲ್ಲಿ ನಿಂತ, ಪೆನಾಲ್ಟಿ ತಡೆದ, ಜನ ಹೆಗಲ ಮೇಲೆ ಹೊತ್ತರು. ಬೆಂಚಪ್ಪನ ಬೆರಳು ಹದಿನೈದು ದಿನದಲ್ಲಿ ವಾಸಿಯಾಯಿತು. ಗೋಲು ವಾಪಸ್ಸು ಬರಲಿಲ್ಲ. ಭಾವಮೈದನಿಗೆ ಜನ ಗೋಡೆ ಎಂದು ಹೆಸರಿಟ್ಟರು. ಗೋಡೆಯಂತೆ, ಗೋಡೆ! ಆ ಗೋಡೆಗೆ ಇಟ್ಟಿಗೆ ಹೊತ್ತವರು ಯಾರು ಎಂದು ಯಾರಾದರೂ ಕೇಳಿದರಾ?

ಅದನ್ನೂ ಅವನು ನುಂಗಿಕೊಂಡು ಇರುತ್ತಿದ್ದನೇನೋ. ಆದರೆ ಈ ವರ್ಷ ಕ್ಲಬ್ಬು ಎಂದಿಲ್ಲದ ಹಾಗೆ ಗೆಲ್ಲತೊಡಗಿತು. ದೇಶದ ದೊಡ್ಡ ಕಪ್ಪಿಗೆ ಹವ್ಯಾಸಿ ಕ್ಲಬ್ಬುಗಳೂ ಅರ್ಹತೆ ಪಡೆಯಬಹುದು; ಸುತ್ತಿನ ಮೇಲೆ ಸುತ್ತು ಗೆಲ್ಲುತ್ತ ಬಂದರೆ ಕೊನೆಗೆ ಸಂಬಳ ತಗೊಂಡು ಆಡುವ ದೊಡ್ಡ ತಂಡದ ಎದುರು ನಿಲ್ಲುವ ಭಾಗ್ಯ. ಟೀವಿಯಲ್ಲಿ ತೋರಿಸುತ್ತಾರೆ. ಬಸ್ ಡ್ರೈವರು, ದರ್ಜಿ, ಬ್ಯಾಂಕಿನ ಗುಮಾಸ್ತ, ಆಸ್ಪತ್ರೆಯ ಕಾಂಪೌಂಡರು ಕೂಡಿದ ಈ ತಂಡ ಹೇಗೋ ತಳ್ಳಿಕೊಂಡು ಕೊನೆಯ ಸುತ್ತಿಗೆ ಬಂದು ನಿಂತಿತ್ತು. ಈ ಭಾನುವಾರ ಸಿಮೆಂಟ್ ಕಾರ್ಖಾನೆಯವರ ತಂಡದ ಮೇಲೆ ಗೆದ್ದರೆ ಕಪ್ಪಿನೊಳಗೆ. ಸೋತರೆ ಮತ್ತೆ ಅದೇ ಮೈದಾನ, ಅದೇ ಬೆಂಚು.

ಒಂದು ಸಲ. ಒಂದೇ ಸಲ ಆ ಎರಡು ಕಂಬಗಳ ನಡುವೆ ಲೆಕ್ಕಕ್ಕೆ ಬರುವಂಥ ಆಟದಲ್ಲಿ ನಿಲ್ಲಬೇಕು. ಈ ಆಸೆ ಅವನ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಅದಕ್ಕೆ ಅಸೂಯೆ ಎಂದು ಹೆಸರಿಡಲು ಅವನಿಗೆ ನಾಚಿಕೆಯಿರಲಿಲ್ಲ. ಅಸೂಯೆಯೇ ಸರಿ. ಭಾನುವಾರ ತಾನು ಗೆಲ್ಲಿಸಿಕೊಟ್ಟರೆ ಮುಂದಿನ ಆಟಕ್ಕೂ ತನ್ನನ್ನು ತೆಗೆಯುವ ಧೈರ್ಯ ಯಾರಿಗಿದೆ? ಭಾವಮೈದ ಬಂದದ್ದೂ ಹೀಗೇ ತಾನೆ? ಬಂದ ದಾರಿಯಲ್ಲೇ ವಾಪಸ್ಸು ಕಳಿಸುವುದು ಅಪರಾಧವಲ್ಲ, ಬಾಕಿ ತೀರಿಸುವುದು ಎಂದು ಅವನು ತೀರ್ಮಾನಿಸಿದ.

ಗೋಡೆಗೆ ಒಂದು ಖಯಾಲಿ ಇತ್ತು. ಪ್ರತಿ ಆಟದ ದಿನ ತಿಂಡಿ ಮುಗಿಸಿ, ಮೊಬೈಲು ಕೆಳಗೇ ಬಿಟ್ಟು, ತನ್ನ ಮನೆಯ ಮಹಡಿಯ ಮೇಲಿನ ಒಂಟಿ ಕೋಣೆಗೆ ಹೋಗಿ, ಒಳಗಿನಿಂದ ಬೀಗ ತಿರುಗಿಸಿಕೊಂಡು ಕೂರುತ್ತಿದ್ದ. ಮನಸ್ಸು ಒಂದೆಡೆ ನಿಲ್ಲಿಸುತ್ತಾನಂತೆ. ಮನಸ್ಸು ನಿಲ್ಲಿಸುವವನು ಸುಮ್ಮನಿರಬೇಕಲ್ಲ, ಅದೂ ಇಲ್ಲ, ಇಲ್ಲದ ಆಟಗಾರರ ಮೇಲೆ "ಬಿಡ್ರೋ, ನಂದು!", "ಎಡಕ್ಕೆ ನೋಡ್ರೋ!" ಎಂದು ಕಿರುಚಾಡುತ್ತಿದ್ದ, ಬಾಗಿಲಿಗೆ ದಬದಬ ಒದೆಯುತ್ತಿದ್ದ. ಮನೆಯವರು ಯಾರೂ ತಿರುಗಿ ನೋಡುತ್ತಿರಲಿಲ್ಲ. ಮೈದಾನಕ್ಕೆ ಹೊರಡುವ ಹೊತ್ತಿಗೆ ತಾನೇ ಇಳಿದು ಬರುತ್ತಿದ್ದ, ದೇವರಿಗೆ ಸಲಹೆ ಕೊಟ್ಟು ಬಂದವನ ಮುಖ ಹೊತ್ತು.

ಎಂಥ ಅನುಕೂಲ! ಬೆಂಚಪ್ಪನಿಗೆ ಇದು ಹೊಳೆದ ದಿನ ಸ್ಟೂಲಿನ ಮೇಲೆ ಕೂತಲ್ಲೇ ನಗು ಬಂತು. ಎದುರಿಗೆ ನಿಂತ ಗಿರಾಕಿ ತನ್ನ ಪೆಟ್ಟಿಗೆ ನೋಡಿ ನಗುತ್ತಿದ್ದಾನೆಂದು ಬೇಜಾರು ಮಾಡಿಕೊಂಡ. ಆ ಕೋಣೆಯ ಬಾಗಿಲು ಕಬ್ಬಿಣದ್ದು. ಕಳ್ಳರ ಭಯಕ್ಕೆ ಅದಕ್ಕೆ ಬೀಗ ಕೂರಿಸಿದವನು ಬೆಂಚಪ್ಪನೇ. ಕಿಟಕಿಯಿಲ್ಲ. ಸೂರಿನ ಹತ್ತಿರ ಗಾಳಿಗೊಂದು ಕಿಂಡಿ, ಅದಕ್ಕೂ ಇಲಿ ನುಗ್ಗದ ಹಾಗೆ ಸಣ್ಣ ಕಣ್ಣಿನ ಜಾಲರಿ ಹೊಡೆದಿತ್ತು. ಮಳೆನೀರು ಬಾರದಿರಲೆಂದು ಬಾಗಿಲ ಅಡಿಗೆ ರಬ್ಬರ್ ಪಟ್ಟಿ. ಒಳಗೆ ಸಿಕ್ಕವನು ಕೂಗಬಹುದು, ಒದೆಯಬಹುದು. ಕೂಗಿದರೆ, ಒದ್ದರೆ, ಮನಸ್ಸು ಚೆನ್ನಾಗಿ ನಿಲ್ಲುತ್ತಿದೆ ಎಂದು ಮನೆಯವರು ಇನ್ನೂ ಸಮಾಧಾನಪಡುತ್ತಾರೆ.

ಉಳಿದದ್ದು ಕೈಕೆಲಸ. ಒಳಗಿನ ಗುಂಡಿ ತಿರುಗಿಸಿದರೆ ಬೀಗದ ನಾಲಗೆ ಚಾಚಿಕೊಂಡು ಚೌಕಟ್ಟಿನ ತೂತಿಗೆ ಹೋಗುತ್ತದೆ. ಅದನ್ನು ಎಳೆದು ತರುವುದು ಒಂದು ಸ್ಪ್ರಿಂಗು. ಆ ಸ್ಪ್ರಿಂಗನ್ನು ಒಂದು ಕಡೆ ಕೂದಲಿನಷ್ಟು ಉಳಿಯುವ ಹಾಗೆ ಅರದಿಂದ ಉಜ್ಜಿಬಿಟ್ಟರೆ, ನಾಲಗೆ ಹೋಗುವಾಗ ಸುಖವಾಗಿ ಹೋಗುತ್ತದೆ, ಹೋದ ಮೇಲೆ ಸ್ಪ್ರಿಂಗು ಟಕ್ಕೆಂದು ತುಂಡಾಗುತ್ತದೆ. ಆಮೇಲೆ ಒಳಗಿನ ಗುಂಡಿ ಸುಮ್ಮನೆ ಗಿರಗಿರ ತಿರುಗುತ್ತದೆ, ಹೊರಗಿನ ಕೀಲಿಕೈಯೂ ಅಷ್ಟೆ. ಹೊರಗಿನಿಂದ ಆ ಬಾಗಿಲಿಗೆ ಬರೀ ಚಿಲಕ ಹಾಕುತ್ತಿದ್ದರು. ಒಳಗಿನ ಬೀಗ ತಿರುಗಿಸುವವನು ಇಡೀ ಮನೆಗೆ ಒಬ್ಬನೇ, ತಿರುಗಿಸುವುದು ಆಟದ ದಿನ ಮಾತ್ರ. ಬೋನಿಗೆ ಬೇರೆ ಯಾರೂ ಬೀಳುವ ಹಾಗಿಲ್ಲ.

ತೆಗೆಯುವುದು ಹೇಗೆ? ಅದು ಅವನೊಬ್ಬನಿಗೆ ಗೊತ್ತು. ತುದಿ ಬಗ್ಗಿಸಿದ ಒಂದು ತಂತಿಯನ್ನು ಕೀಲಿ ತೂತಿಗೆ ಹಾಕಿ ಮೇಲಕ್ಕೆತ್ತಿ, ಬಾಗಿಲ ಕೆಳಭಾಗಕ್ಕೆ ಮೊಣಕಾಲಿನಿಂದ ಒಂದು ತಳ್ಳು ತಳ್ಳಿದರೆ ಸೀನುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ಅಂಥದ್ದೇ ಇನ್ನೊಂದು ಬೀಗವನ್ನು ಅಂಗಡಿಯಲ್ಲಿ ಹಲಗೆಗೆ ಬಿಗಿದು, ಶಟರು ಅರ್ಧ ಎಳೆದು, ದಿನಗಟ್ಟಲೆ ಅಭ್ಯಾಸ ಮಾಡಿದ. ಕೊನೆಕೊನೆಗೆ ಕಣ್ಣು ಮುಚ್ಚಿಕೊಂಡು ತೆಗೆಯುತ್ತಿದ್ದ. ಆಟ ಮುಗಿದ ಮೇಲೆ ತಾನೇ ಹೋಗಿ, ಬೆವರು ಸುರಿಸುವ ನಾಟಕವಾಡಿ, ಬಾಗಿಲು ತೆಗೆದು, ತುಂಡಾದ ಸ್ಪ್ರಿಂಗು ಜೇಬಿಗೆ ಹಾಕಿಕೊಂಡು ಹೊಸದು ಕೂರಿಸಿ ಬಂದರೆ ಮುಗಿಯಿತು. ಕಳ್ಳನೂ ಅವನೇ, ಪೊಲೀಸೂ ಅವನೇ, ನ್ಯಾಯಾಧೀಶನೂ ಅವನೇ. ಮೇಲಾಗಿ ಭಾವಮೈದನ ಕೈಯಿಂದ ಥ್ಯಾಂಕ್ಸು.

ಬೀಗದವನನ್ನೇ ತಾನೆ ಬೀಗ ತೆಗೆಯಲು ಕರೆಯುವುದು, ಆಗ ಏನು ಮಾಡುತ್ತೀಯಪ್ಪ ಎಂದು ಯಾರಾದರೂ ಕೇಳಬಹುದು. ಅವನೇನು ಪೆದ್ದನೇ, ಅದನ್ನು ಯೋಚಿಸದೆ ಇರಲು? ಬೇರೆ ಯಾರನ್ನೂ ಕರೆಯುವಂತಿರಲಿಲ್ಲ. ಮಾರುಕಟ್ಟೆಯ ಹತ್ತಿರ ಕೂರುವ ಇನ್ನೊಬ್ಬನಿಗೆ ಕೀಲಿಕೈ ನಕಲು ಮಾಡುವುದು ಬಿಟ್ಟರೆ ಬೇರೇನೂ ಬಾರದು. ತನ್ನನ್ನು ಕೇಳಿದಾಗ ಹೇಳಲು ಒಂದು ಭಾಷಣವನ್ನೇ ತಯಾರು ಮಾಡಿಕೊಂಡಿದ್ದ, ಕನ್ನಡಿಯ ಮುಂದೆ ಹೇಳಿಯೂ ನೋಡಿಕೊಂಡಿದ್ದ. ರೋಗಿಯ ಕಡೆಯವರಿಗೆ ಹೇಗೆ ಹೇಳಬೇಕೆಂದು ವೈದ್ಯರು ಕೂಡ ಅದನ್ನು ಕೇಳಿ ಕಲಿಯಬೇಕು, ಹಾಗಿತ್ತು.

ಬುಧವಾರ ಭಾವಮೈದನ ಮನೆಗೆ ಹೋದ. ಮಹಡಿ ಬಾಗಿಲು ಕಿರುಗುಡುತ್ತದೆ ಎಂದು ಭಾವಮೈದನ ಹೆಂಡತಿ ಎಂದೋ ಹೇಳಿದ್ದಳು.

"ಬನ್ನಿ ಅಣ್ಣ, ನೀವೇ ನೆನಪಿಟ್ಕೊಂಡು ಬಂದ್ರಲ್ಲ" ಎಂದು ಅವಳು ಚಹಾ ಕೊಟ್ಟಳು. "ಇವರಿಗೆ ಒಂದು ಮೊಳೆ ಹೊಡೆಯೋಕೂ ಬರಲ್ಲ. ನೀವಿಲ್ದೇ ಇದ್ರೆ ನಮ್ಮನೆ ಬಾಗಿಲುಗಳೆಲ್ಲ ಎಂದೋ ಬಿದ್ದು ಹೋಗ್ತಿದ್ವು."

ಅವನ ಮನಸ್ಸು ಒಂದು ಕ್ಷಣ ಕರಗಿತು. ಬಿಟ್ಟುಬಿಡೋಣವೇ, ಬರೀ ಎಣ್ಣೆ ಬಿಟ್ಟು ಹೋಗೋಣವೇ ಎಂದೂ ಅನ್ನಿಸಿತು. ಅಷ್ಟರಲ್ಲಿ ಗೋಡೆ ಒಳಗಿನಿಂದ ತಲೆ ಒರೆಸಿಕೊಳ್ಳುತ್ತ ಬಂದ.

"ಭಾವ, ಭಾನುವಾರ ಒಂದು ದಪ್ಪ ಸ್ವೆಟರ್ ಹಾಕ್ಕೊಂಡು ಬನ್ನಿ. ಬೆಂಚಿನ ಹತ್ರ ಗಾಳಿ ಜಾಸ್ತಿ ಇರತ್ತೆ. ನಿಮಗೆ ವಯಸ್ಸಾಯ್ತು ನೋಡಿ."

ಪ್ರೀತಿಯಿಂದಲೇ ಹೇಳಿದ, ಅದೇ ತೊಂದರೆ. ಬೆಂಚಪ್ಪ ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಅರವನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ. ಕೋಣೆಯಲ್ಲಿ ಒಂದು ಹಳೆಯ ಕುರ್ಚಿ, ಬಟ್ಟೆ ಒಣಹಾಕುವ ಖಾಲಿ ಹಗ್ಗ, ನೀರಿನ ಬಾಟಲಿ ಇದ್ದವು. ಅವನು ಕೆಲಸ ಮುಗಿಸಿ, ಉಜ್ಜಿದ ಪುಡಿಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡು, ಬಿಸ್ಕತ್ತಿನ ಒಂದು ಪೊಟ್ಟಣವನ್ನು ಕುರ್ಚಿಯ ಮೇಲೆ ಇಟ್ಟು ಬಂದ. ಏನೇ ಆಗಲಿ ಹೆಂಡತಿಯ ತಮ್ಮ, ಹಸಿದಿರಬಾರದು.

ಭಾನುವಾರ ಅವನು ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದ. ಹತ್ಯಾರದ ಪೆಟ್ಟಿಗೆಯನ್ನೂ ಮೊಬೈಲನ್ನೂ ಅಂಗಡಿಯಲ್ಲಿ ಬಿಟ್ಟು ಶಟರು ಎಳೆದು ಬಂದಿದ್ದ. ಈ ಕ್ಲಬ್ಬಿಗೆ ಆಳುಕಾಳು ಯಾರೂ ಇರಲಿಲ್ಲ. ಗೆರೆ ಎಳೆಯುವುದರಿಂದ ಹಿಡಿದು ಎಲ್ಲವೂ ಸದಸ್ಯರ ಸರದಿಯ ಮೇಲೆ ನಡೆಯುತ್ತಿತ್ತು. ಬಲೆ ಕಟ್ಟುವ ಸರದಿ ಇವತ್ತು ದರ್ಜಿಯದು. ಬೆಂಚಪ್ಪ ತಾನೇ ಕಟ್ಟುತ್ತೇನೆಂದು ಅವನನ್ನು ಕಳಿಸಿಬಿಟ್ಟ. ಗಂಟು ಹಾಕುತ್ತ ಹಾಕುತ್ತ ಎರಡು ಕಂಬಗಳನ್ನೂ ಮುಟ್ಟಿ ನೋಡಿದ. ನೀವು ನನ್ನನ್ನು ಮರೆತಿಲ್ಲ ತಾನೆ ಎಂದು ಕೇಳಬೇಕೆನ್ನಿಸಿತು, ಆದರೆ ಸಿಮೆಂಟ್ ಕಾರ್ಖಾನೆಯವರು ಆಗಲೇ ಬಸ್ಸಿನಿಂದ ಇಳಿಯುತ್ತಿದ್ದರು. ಒಬ್ಬೊಬ್ಬನೂ ಮೂಟೆ ಹೊತ್ತು ಬೆಳೆದ ಆಸಾಮಿ. ಅವರನ್ನು ನೋಡಿ ಅವನಿಗೆ ಹೆದರಿಕೆಯಾಗಲಿಲ್ಲ, ಸಂತೋಷವೇ ಆಯಿತು. ಚೆಂಡು ಜೋರಾಗಿ ಬಂದಷ್ಟೂ ಹಿಡಿದವನ ಹೆಸರು ಜೋರಾಗಿ ಕೇಳುತ್ತದೆ.

ಜನ ತುಂಬತೊಡಗಿದರು. ತಂಡದವರು ಬಟ್ಟೆ ಬದಲಿಸುವ ಕೋಣೆ ಎಂದರೆ ಹಳೆಯ ಉಗ್ರಾಣ. ಅಲ್ಲಿ ಎಲ್ಲರೂ ಬನಿಯನ್ನಿನಲ್ಲಿ ಕೂತು ಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಾಗ ಕ್ಯಾಪ್ಟನ್ನಿನ ಮೊಬೈಲು ಬಡಿದುಕೊಂಡಿತು. ಕ್ಯಾಪ್ಟನ್ನು ವೃತ್ತಿಯಲ್ಲಿ ಬಸ್ ಡ್ರೈವರು. ಎಂಥ ತಿರುವಿನಲ್ಲೂ ಮುಖ ಬದಲಾಗದ ಮನುಷ್ಯ. ಇವತ್ತು ಬದಲಾಯಿತು.

"ಗೋಡೆ ಮಹಡಿ ಕೋಣೇಲಿ ಸಿಕ್ಕಾಕ್ಕೊಂಡಿದ್ದಾನಂತೆ" ಎಂದ. "ಬೀಗ ಕೆಟ್ಟಿದೆ. ಆಗಿನಿಂದ ಕೂಗ್ತಾನೇ ಇದ್ನಂತೆ, ಯಾವಾಗ್ಲೂ ಹಾಗೇ ತಾನೆ ಅಂತ ಮನೆಯವರು ಸುಮ್ಮನಿದ್ದಾರೆ. ಅವನ ಹೆಂಡತಿ ಅಳ್ತಿದ್ದಾಳೆ, ಏನೂ ಸರಿಯಾಗಿ ಕೇಳಿಸ್ತಿಲ್ಲ."

ತಂಡದ ಗುರು, ನಿವೃತ್ತ ಡ್ರಿಲ್ ಮೇಷ್ಟ್ರು, ಮೆಲ್ಲಗೆ ಬೆಂಚಪ್ಪನ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಇಷ್ಟು ವರ್ಷದಲ್ಲಿ ಇಷ್ಟು ಜನ ಒಟ್ಟಿಗೆ ಅವನನ್ನು ನೋಡಿದ್ದು ಇದೇ ಮೊದಲು.

"ನೀನೇ ಅಲ್ವೇನಯ್ಯ ಬೀಗದವನು! ಓಡು, ತೆಗೆದು ಕರ್ಕೊಂಡು ಬಾ."

ಬೆಂಚಪ್ಪ ನಿಟ್ಟುಸಿರು ಬಿಟ್ಟ. ಅದನ್ನೂ ಅಭ್ಯಾಸ ಮಾಡಿದ್ದ.

"ಮೇಷ್ಟ್ರೇ, ಓಡೋದು ದೊಡ್ಡದಲ್ಲ. ಆ ಬೀಗ ಕೂರಿಸಿದ್ದೇ ನಾನು, ನಂಗೆ ಗೊತ್ತಿಲ್ವಾ? ಕಳ್ಳರಿಗೂ ಬಗ್ಗದೇ ಇರೋ ಜಾತಿ ಅದು. ಒಳಗೆ ಸ್ಪ್ರಿಂಗ್ ಮುರಿದಿದೆ ಅಂದ್ರೆ ಒಂದೊಂದೇ ತಿರುಪು ಬಿಚ್ಚಬೇಕು. ಏನಂದ್ರೂ ಎರಡು ಗಂಟೆ. ಅವಸರ ಮಾಡಿ ಒಡೆಯೋಕೆ ಹೋದ್ರೆ ನಾಲಗೆ ಚೌಕಟ್ಟಿಗೆ ಕಚ್ಕೊಂಡು ಗೋಡೇನೇ ಅಗೀಬೇಕಾಗತ್ತೆ. ಅವನು ಸುರಕ್ಷಿತವಾಗಿದ್ದಾನೆ, ಗಾಳಿ ಇದೆ, ನೀರಿದೆ. ಆಟ ಮುಗಿಸಿಕೊಂಡು ನಾನೇ ಹೋಗಿ ತೆಗೀತೀನಿ. ನನ್ನ ಭಾವಮೈದ ಅಲ್ವಾ, ಹೊಟ್ಟೆ ಚುರುಕ್ ಅನ್ನಲ್ವಾ ನಂಗೆ?"

"ಎರಡು ಗಂಟೇನಾ?" ಎಂದ ದರ್ಜಿ. "ಬೇಗ ಆಗಲ್ವಾ?"

"ನನ್ನ ಕೈಲಿ ಆಗೋದಿಲ್ಲ ಅಂದ್ರೆ ಯಾರ ಕೈಲೂ ಆಗಲ್ಲಪ್ಪ. ಬೇಕಾದ್ರೆ ಬರೆದುಕೊಡ್ತೀನಿ."

ಮೇಷ್ಟ್ರು ಟೋಪಿ ತೆಗೆದು ತಲೆ ಕೆರೆದುಕೊಂಡರು, ಮತ್ತೆ ಹಾಕಿಕೊಂಡರು. ಹೊರಗೆ ಜನ ಆಗಲೇ ಗೋಡೆ, ಗೋಡೆ ಎಂದು ಕೂಗುತ್ತಿದ್ದರು.

"ಸರಿ" ಎಂದರು ಕೊನೆಗೆ. "ನೀನೇ ನಿಲ್ಲಯ್ಯ. ಕೈ ಕೊಡಬೇಡ."

ಆ ಮಾತಿಗೆ ಅವನು ಎಷ್ಟು ವರ್ಷ ಕಾದಿದ್ದ! ಕಣ್ಣು ನಿಜವಾಗಿಯೂ ತುಂಬಿ ಬಂತು. ಕಾಂಪೌಂಡರು ಅದನ್ನು ಭಾವಮೈದನ ಮೇಲಿನ ಮಮತೆ ಎಂದು ತಿಳಿದು ಬೆನ್ನು ತಟ್ಟಿದ. ಬೆಂಚಪ್ಪ ತನ್ನ ಗ್ಲೌಸುಗಳನ್ನು ಹಾಕಿಕೊಂಡು ಒಂದರ ಮೇಲೊಂದು ಗುದ್ದಿಕೊಂಡ. ಅವು ಕೊಂಡಾಗಿನ ಹೊಳಪಿನಲ್ಲೇ ಇದ್ದವು. ಒಂದು ಅಪರಾಧ ಇಷ್ಟು ಚೊಕ್ಕವಾಗಿ, ಯಾರಿಗೂ ಒಂದು ಗಾಯವೂ ಆಗದೆ ಮುಗಿಯಬಹುದೆಂದು ಜನಕ್ಕೆ ಗೊತ್ತೇ ಆಗುವುದಿಲ್ಲವಲ್ಲ ಎಂಬ ಸಣ್ಣ ಬೇಸರ ಬಿಟ್ಟರೆ ಅವನ ಸುಖಕ್ಕೆ ಕೊರತೆಯೇ ಇರಲಿಲ್ಲ.

ರೆಫರಿ ಬಾಗಿಲಲ್ಲಿ ನಿಂತು ಕೈಗಡಿಯಾರ ತಟ್ಟಿದರು. "ಏನ್ರೀ, ಇನ್ನೂ ಬನಿಯನ್ನಲ್ಲೇ ಇದೀರಾ? ಜೆರ್ಸಿ ಹಾಕ್ಕೊಂಡು ಸಾಲಾಗಿ ಬನ್ನಿ."

ಕ್ಯಾಪ್ಟನ್ನು ಸುತ್ತ ನೋಡಿದ. "ಜೆರ್ಸಿ ಚೀಲ ಎಲ್ಲಿ? ಈ ವಾರ ಒಗೆಯೋ ಸರದಿ ಯಾರದು?"

ದರ್ಜಿ ಬಾಗಿಲ ಹಿಂದೆ ಹುಡುಕಿ ಬಂದ. ಆಟ ಮುಗಿದ ಮೇಲೆ ಇಡೀ ತಂಡದ ಜೆರ್ಸಿಗಳನ್ನು ಒಂದೇ ಚೀಲಕ್ಕೆ ತುಂಬಿ ಒಂದೊಂದು ವಾರ ಒಬ್ಬೊಬ್ಬರ ಮನೆಗೆ ಕಳಿಸುವುದು ಕ್ಲಬ್ಬಿನ ಪದ್ಧತಿ. ಒಗೆಯುವವರು ಹೆಂಗಸರಾದ್ದರಿಂದ ಸರದಿ ಯಾರದೆಂದು ಗಂಡಸರಿಗೆ ಯಾವತ್ತೂ ಗೊತ್ತಿರುತ್ತಿರಲಿಲ್ಲ. ಜೆರ್ಸಿ ಕೊನೆ ಗಳಿಗೆಯಲ್ಲಿ ಎಲ್ಲಿಂದಲೋ ಬರುತ್ತಿತ್ತು, ಅಷ್ಟೇ.

"ಬೇರೆ ಏನಾದ್ರೂ ಹಾಕ್ಕೊಂಡು ಆಡ್ತೀವಿ ಸಾರ್" ಎಂದ ದರ್ಜಿ.

"ಕಪ್ಪಿನ ಆಟ ಇದು, ಬೀದಿ ಆಟ ಅಲ್ಲ. ಎಲ್ಲರದೂ ಒಂದೇ ಬಣ್ಣ, ಬೆನ್ನಿಗೆ ನಂಬರು. ಅರ್ಧ ಗಂಟೆ ಕಾಯ್ತೀನಿ. ಬರ್ಲಿಲ್ಲ ಅಂದ್ರೆ ಗೆಲುವು ಅವರಿಗೆ" ಎಂದರು ರೆಫರಿ.

ಅಷ್ಟರಲ್ಲಿ ತಮ್ಮನ ಸುದ್ದಿ ಕೇಳಿ ಗಾಬರಿಯಿಂದ ಜನರ ನಡುವಿನಿಂದ ನುಗ್ಗಿಕೊಂಡು ಬಂದ ಬೆಂಚಪ್ಪನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಸರದಿ ನಮ್ದೇ ಅಣ್ಣ" ಎಂದು ಅವಳು ಕ್ಯಾಪ್ಟನ್ನಿಗೆ ಹೇಳಿದಳು. "ನಮ್ಮ ವಾಷಿಂಗ್ ಮಿಷನ್ನು ಕೆಟ್ಟು ಕೂತಿತ್ತು. ಇವರಿಗೆ ಎಷ್ಟು ಸಲ ಹೇಳಿದ್ರೂ ಆಯ್ತು ನೋಡ್ತೀನಿ ಅಂದ್ಕೊಂಡು ಅಂಗಡೀಲೇ ಬಿದ್ದಿದ್ರು. ಅದಕ್ಕೆ ಚೀಲ ನನ್ನ ತಮ್ಮನ ಮನೆಗೇ ಕೊಟ್ಟುಬಿಟ್ಟೆ. ಅವನ ಹೆಂಡತಿ ನಿನ್ನೆ ಒಗೆದು, ಮಳೆ ಬಂದೀತು ಅಂತ ಎಲ್ಲಾನೂ ಆ ಮಹಡಿ ಕೋಣೆ ಹಗ್ಗದ ಮೇಲೆ ಹರವಿದ್ಲು. ಬರ್ತಾ ಅವನೇ ತರ್ತಾನೆ ಅಂದಿದ್ಲು." ಎಲ್ಲರೂ ಮತ್ತೆ ಬೆಂಚಪ್ಪನ ಕಡೆ ತಿರುಗಿದರು. ಸೀನುವಷ್ಟರಲ್ಲಿ ತೆಗೆಯಬಲ್ಲೆನೆಂದರೆ ಎರಡು ಗಂಟೆಯ ಭಾಷಣ ಮಾಡಿದ್ದೇಕೆಂದು ಇಷ್ಟು ಜನಕ್ಕೆ, ಅವರ ಜೊತೆ ಹೆಂಡತಿಗೂ, ಉತ್ತರ ಹೇಳಬೇಕು. ತೆಗೆಯಲಾರೆನೆಂದರೆ ಕಪ್ಪು ಇಲ್ಲಿಗೇ ಮುಗಿಯಿತು. ಯಾವುದನ್ನು ಆರಿಸಿಕೊಂಡರೂ ಗೋಲಿನಲ್ಲಿ ನಿಲ್ಲುವ ಮಾತಂತೂ ಉಳಿಯಲಿಲ್ಲ, ಏಕೆಂದರೆ ಆ ಬಾಗಿಲು ತೆರೆದರೆ ಜೆರ್ಸಿಗಳು ತಾವಾಗಿ ನಡೆದು ಬರುವುದಿಲ್ಲ, ಅವನ್ನೆಲ್ಲ ಹೊತ್ತುಕೊಂಡು ಮೊದಲು ಹೊರಗೆ ಬರುವವನು ಭಾವಮೈದನೇ.